ರಾಗಿಕಣದ ಲಾಟೀನು

ಲಾಟೀನಿಗೆ ಸೀಮೆಎಣ್ಣೆಯ ವಾಸನೆಯೇ ಇರಲಿಲ್ಲ.

ಮೊಳೆಯಿಂದ ಇಳಿಸಿ ಮೂಗಿನ ಹತ್ತಿರ ಹಿಡಿದೆ. ನಂಬಿಕೆ ಬರದೆ ಮತ್ತೊಮ್ಮೆ ಹಿಡಿದೆ. ಅಬಕಾರಿ ಇಲಾಖೆಯಲ್ಲಿ ಮೂವತ್ತೊಂದು ವರ್ಷ ದುಡಿದ ಮೂಗು ಇದು. ಒಂದು ಹನಿ ಹೆಂಡವನ್ನೂ ನಾಲಿಗೆಗೆ ತಾಕಿಸದೆ, ಬರೀ ಮೂಸಿಯೇ ಎಷ್ಟೋ ಕಳ್ಳಭಟ್ಟಿಗಳನ್ನು ಹಿಡಿದುಕೊಟ್ಟಿದೆ. ನನ್ನ ಹೆಂಡತಿ ಸಿದ್ದಲಿಂಗಮ್ಮ ಅದನ್ನು ಪೊಲೀಸ್ ನಾಯಿಯ ಮೂಗು ಎನ್ನುತ್ತಾಳೆ. ಪ್ರೀತಿಯಿಂದಲೇ ಎನ್ನುತ್ತಾಳೆ ಎಂದುಕೊಂಡಿದ್ದೇನೆ. ಆ ಮೂಗಿಗೆ ಈಗ ಸಿಕ್ಕಿದ್ದು ಹೊಸ ತಗಡು ಮತ್ತು ಅಂಗಡಿಯ ಧೂಳು. ಗಾಜು ಎತ್ತಿ ನೋಡಿದರೆ ಬತ್ತಿ ಮದುವೆಯ ಪಂಚೆಯಷ್ಟು ಬೆಳ್ಳಗಿತ್ತು.

ಒಮ್ಮೆಯೂ ಉರಿಯದ ಲಾಟೀನು.

"ಏನ್ ಸಾರ್, ಅದನ್ಯಾಕೆ ಮೂಸ್ತಿದೀರಿ?" ಎಂದ ಅಮರ್. ಈ ಜಾಗದ ಪಾಲುದಾರ. ಮೂವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಮೂರು ದಿನದ ಗಡ್ಡ, ಬಲಗೈಗೆ ಬ್ಯಾಂಡೇಜು.

"ಇದು ಮನೋಹರನ ಲಾಟೀನಾ?"

"ಹೂಂ ಸಾರ್. ಯಾವಾಗ್ಲೂ ಅದೇ ಮೊಳೇಲಿ ಇರುತ್ತೆ."

ಬೋಗಾದಿಯ ಈ 'ರಾಗಿಕಣ' ಎಂಬ ಬಿಯರ್ ಹೋಟೆಲಿನ ದೊಡ್ಡ ಟ್ಯಾಂಕಿನೊಳಗೆ ಮನೋಹರನ ಹೆಣ ಸಿಕ್ಕಿ ಇವತ್ತಿಗೆ ಮೂರನೇ ದಿನ. ಗ್ಯಾಸಿಗೆ ಉಸಿರು ಕಟ್ಟಿ ಸತ್ತ ಎಂದು ಪೊಲೀಸರು, ಸಾಧ್ಯವೇ ಇಲ್ಲ ಎಂದು ಅವನ ಹೆಂಡತಿ ನಯನಾ. ಅವಳು ಕೇಳಿಕೊಂಡಳೆಂದು ನಾನು ಕೃಷ್ಣಮೂರ್ತಿಪುರಂನಿಂದ ಸ್ಕೂಟರ್ ಹತ್ತಿ ಬಂದಿದ್ದೆ.

ಸಬ್ ಇನ್ಸ್‌ಪೆಕ್ಟರ್ ಪ್ರೀತಿ ಬೆಳಗ್ಗೆಯೇ ಫೋನಿನಲ್ಲಿ ನನ್ನ ಕೈ ಕಟ್ಟಿಹಾಕಿದ್ದಳು. "ಸಂಜೆ ಐದಕ್ಕೆ ರಿಪೋರ್ಟ್ ಕಳಿಸ್ತೀನಿ ಸಾರ್. ಸ್ವಂತ ಅಜಾಗರೂಕತೆ. ಮನೇಲಿ ಇಪ್ಪತ್ತು ಲೀಟರ್ ಕ್ಯಾನಲ್ಲಿ ಬಿಯರ್ ಮಾಡ್ಕೊಂಡಿದ್ದೋರಿಗೆ ಎರಡು ಸಾವಿರ ಲೀಟರ್ ಟ್ಯಾಂಕಿನ ಅಪಾಯ ಎಲ್ಲಿ ಗೊತ್ತಾಗುತ್ತೆ, ನೀವೇ ಹೇಳಿ."

ಗೊತ್ತಿತ್ತು. ಈ ಊರಿನಲ್ಲಿ ಯಾರಿಗೆ ಗೊತ್ತಿಲ್ಲದಿದ್ದರೂ ಮನೋಹರನಿಗೆ ಗೊತ್ತಿತ್ತು.

ಅವನು ಲಾಟೀನು ಇಟ್ಟುಕೊಂಡಿದ್ದು ಶೋಕಿಗಲ್ಲ. ಬಿಯರ್ ಹುದುಗುವಾಗ ಹುಟ್ಟುವ ಗ್ಯಾಸಿಗೆ ಬಣ್ಣವಿಲ್ಲ. ಗಾಳಿಗಿಂತ ಭಾರ, ಟ್ಯಾಂಕಿನ ತಳದಲ್ಲಿ ನೀರಿನಂತೆ ನಿಂತಿರುತ್ತದೆ. ಬಗ್ಗಿದವನು ಮತ್ತೆ ಏಳುವುದಿಲ್ಲ. ರಾಗಿ ತುಂಬಿಡುವ ಹಗೇವಿನಲ್ಲೂ ಇದೇ ಕಥೆ. ನೆಲದೊಳಗಿನ ಆ ಕಣಜಕ್ಕೆ ಆಳು ಇಳಿಯುವ ಮುಂಚೆ ದೀಪ ಇಳಿಸಿ ನೋಡುವುದು ನಮ್ಮ ಕಡೆಯ ಪದ್ಧತಿ. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ.

ಮನೋಹರನ ತಾತನನ್ನು ನಂಜನಗೂಡಿನ ಕಡೆಯ ಸಾಹುಕಾರನೊಬ್ಬ ದೀಪವಿಲ್ಲದೆ ಹಗೇವಿಗೆ ಇಳಿಸಿದ್ದ. ಎಣ್ಣೆ ಯಾಕೆ ದಂಡ, ಇಳಿಯೋ ಎಂದನಂತೆ. ಮೇಲೆ ಬಂದದ್ದು ಹೆಣ. ಆಗ ಹೆಂಡತಿ ಬೆಟ್ಟಮ್ಮನಿಗೆ ಇಪ್ಪತ್ತನಾಲ್ಕು ವರ್ಷ. ಆ ಬೆಟ್ಟಮ್ಮ ಸಾಕಿ ಬೆಳೆಸಿದ ಮೊಮ್ಮಗ ಮನೋಹರ.

ಹಾಗಾಗಿ ಟ್ಯಾಂಕು ತೊಳೆಯುವ ದಿನ ಅವನು ಮೊದಲು ಲಾಟೀನಿಗೆ ಸರಪಳಿ ಕಟ್ಟಿ ತಳಕ್ಕೆ ಇಳಿಸುತ್ತಿದ್ದ. ಉರಿಯುತ್ತಿದ್ದರೆ ಮಾತ್ರ ತಾನು ಇಳಿಯುತ್ತಿದ್ದ. ಕೆಲಸ ಮುಗಿಯುವ ತನಕ ಅದು ಅವನ ಪಾದದ ಬಳಿಯೇ ಉರಿಯುತ್ತಿರಬೇಕು. ಗ್ಯಾಸು ಬಂದರೆ ಮೊದಲು ದೀಪ ಸಾಯುತ್ತದೆ, ಮನುಷ್ಯನಿಗೆ ಎದ್ದು ಬರಲು ಸಮಯ ಸಿಗುತ್ತದೆ.

ಪೊಲೀಸರು ಬಂದಾಗ ಟ್ಯಾಂಕಿನಲ್ಲಿ ದೀಪವಿರಲಿಲ್ಲ. ಲಾಟೀನು ಮೊಳೆಯ ಮೇಲಿತ್ತು. ಅವಸರದಲ್ಲಿ ದೀಪ ಇಳಿಸದೆ ಹೋದ, ಸತ್ತ. ಅಷ್ಟೇ ಎಂದು ಬರೆದುಕೊಂಡರು.

ಹಾಗೆ ಬರೆಯುವುದನ್ನು ನಾನು ತಡೆಯಬೇಕಿತ್ತು. ಬೆಟ್ಟಮ್ಮನಿಗಾಗಿ ಅರ್ಧ, ನನಗಾಗಿ ಅರ್ಧ.

ನಾಲ್ಕು ವರ್ಷದ ಹಿಂದೆ ಅವನ ಬಾಡಿಗೆ ಮನೆಯ ಅಡುಗೆಮನೆಗೆ ನುಗ್ಗಿದವನು ನಾನೇ. ಲೈಸೆನ್ಸಿಲ್ಲದೆ ಬಿಯರ್ ಮಾಡುವುದು ಅಪರಾಧ. ಮೊಳಕೆ ಕಟ್ಟಿದ ರಾಗಿ, ಎರಡು ನೀರಿನ ಕ್ಯಾನು, ಒಂದು ಥರ್ಮಾಮೀಟರು. ಎಲ್ಲವನ್ನೂ ಮಹಜರು ಮಾಡಿ, ಬಿಯರನ್ನು ಮೋರಿಗೆ ಚೆಲ್ಲಿಸಿದೆ. ಅವನು ಅಳಲಿಲ್ಲ, ಕೈಕಾಲು ಹಿಡಿಯಲಿಲ್ಲ. "ಒಂದ್ಸಲ ಮೂಸಿ ಚೆಲ್ಲಿ ಸಾರ್" ಎಂದ. ಮೂಸಿದೆ. ಆಗ ತಾನೆ ಹುರಿದ ರಾಗಿಯ ಘಮ, ಅದರ ಹಿಂದೆ ಬಿಸಿ ಬ್ರೆಡ್ಡಿನದು. ಕುಡಿಯದವನಿಗೂ ಗೊತ್ತಾಗುವಂಥ ಕೈಗುಣ. ಹೊರಡುವಾಗ ನಾನು ದೊಡ್ಡ ಮನುಷ್ಯನ ಹಾಗೆ, "ಲೈಸೆನ್ಸ್ ತಗೊಂಡು ಮಾಡಪ್ಪ, ಇದನ್ನ ಊರಿಗೇ ಮಾರಬಹುದು" ಎಂದುಬಿಟ್ಟೆ.

ಆ ಮಾತನ್ನು ಅವನು ನಂಬಿದ. ಅಮರನನ್ನು ಹುಡುಕಿದ, ಇಲಾಖೆಗಳನ್ನು ಅಲೆದ, ಮೇಲೆ ಹೋಟೆಲು ಕೆಳಗೆ ಟ್ಯಾಂಕು ಎಂದು ರಾಗಿಕಣ ಕಟ್ಟಿದ. ಬರುವ ಭಾನುವಾರ ಮೊದಲ ಮಾರಾಟ. ಅವನನ್ನು ಕ್ಯಾನಿನಿಂದ ಟ್ಯಾಂಕಿಗೆ ಕಳಿಸಿದ್ದು ನನ್ನ ನಾಲಿಗೆ. ಮೂರು ದಿನದಿಂದ ಅನ್ನ ರುಚಿಸುತ್ತಿಲ್ಲ.

ಲಾಟೀನಿನ ಫೋಟೋ ತೆಗೆದು ನಯನಾಳಿಗೆ ಕಳಿಸಿ, ಕರೆ ಮಾಡಿದೆ. ನನಗೆ ಕಿವಿ ಸ್ವಲ್ಪ ಮಂದ. ಹಾಗಾಗಿ ಫೋನು ಯಾವಾಗಲೂ ಸ್ಪೀಕರಿನಲ್ಲಿ.

"ಅಜ್ಜಿ ನೋಡ್ತಿದಾರೆ ಸಾರ್, ಅವರಿಗೇ ಕೊಡ್ತೀನಿ" ಎಂದಳು ನಯನಾ.

"ಯಾರು, ಚನ್ನಬಸವಯ್ಯನೋರಾ?" ಬೆಟ್ಟಮ್ಮನ ದನಿ ಒಡೆದಿತ್ತು. "ಇದ್ಯಾರ ಲಾಟೀನು ಕಣಪ್ಪ? ನಮ್ದಲ್ಲ. ನಮ್ದರ ಹಿಡಿ ಮುರಿದೋಗಿತ್ತು. ತಾಮ್ರದ ತಂತಿ ಸುತ್ತಿ ಕೊಟ್ಟಿದ್ದೆ ನಾನೇ."

ಅಮರನ ಮುಖ ನೋಡಿದೆ. ಅವನು ನೆಲ ನೋಡುತ್ತಿದ್ದ.

"ಸರಿ ತಾಯಿ. ಊಟ ಮಾಡಿದ್ರಾ?"

"ಇವತ್ತು ಮೂರ್ನೇ ದಿನದ ಹಾಲುತುಪ್ಪ ಕಣಪ್ಪ. ಎಡೆ ಇಡೋ ಗಂಟ ಉಣ್ಣಂಗಿಲ್ಲ. ಅವ್ನಿಗೆ ಬೇಕಾದ್ದೆಲ್ಲ ಮಾಡಿವ್ನಿ. ಬಾಡೂಟ, ಮುದ್ದೆ. ಅವತ್ತು ನಂಗೆ ಅಂತ ಹಿಡ್ದು ಮಡಗಿದ್ನಲ್ಲ ಬಿಯರ್ ಚೊಂಬು, ಪೊಲೀಸ್ನೋರು ಬ್ಯಾಗ್ ಜೊತೆ ಕೊಟ್ರಲ್ಲ, ಅದ್ನೂ ಫ್ರಿಜ್ಜಲ್ಲಿ ಮಡಗ್ಸಿವ್ನಿ. ಎಡೆಗೆ ಅದ್ನೇ ಇಡ್ತೀನಿ."

ಹಿಂದಿನಿಂದ ನಯನಾ ಸಣ್ಣಗೆ ಹೇಳಿದಳು, "ನಮ್ಮನೇಲಿ ಬುದ್ಧವಂದನೆ ಮಾತ್ರ ಸಾರ್, ಎಡೆ ಇಡಲ್ಲ. ಅಜ್ಜಿ ಕೇಳ್ತಿಲ್ಲ."

"ಇರ್ಲಿ ಬಿಡಮ್ಮ" ಎಂದು ಫೋನು ಇಟ್ಟೆ.

ಟ್ಯಾಂಕಿನ ಪಕ್ಕ ಬಟ್ಟೆ ಹಿಡಿದು ಉಕ್ಕು ಒರೆಸುತ್ತಿದ್ದ ಮರಿಸ್ವಾಮಿ ಹತ್ತಿರ ಬಂದ. ಐವತ್ತು ದಾಟಿದ ಮನುಷ್ಯ, ಕ್ಯಾನಿನ ಕಾಲದಿಂದಲೂ ಮನೋಹರನ ಜೊತೆಗಾರ. ಹೆಣವನ್ನು ಮೊದಲು ಕಂಡು ಪೊಲೀಸರಿಗೆ ಹೇಳಿದವನೂ ಅವನೇ. ಕಣ್ಣು ಕೆಂಪಾಗಿತ್ತು.

"ಅಯ್ನೋರೆ, ಮನೋರಣ್ಣನ ಎಡೆಗೆ ಒಂದು ಕೈ ಮುಗ್ದು ಬಂದ್ಬುಡ್ತೀನಿ. ಮನೆ ಇಲ್ಲೇ, ಎರಡು ಬೀದಿ."

"ಹೋಗಿ ಬನ್ನಿ ಮರಿಸ್ವಾಮಿ. ನಿಮ್ಮಂಥೋರು ಇರಬೇಕು ಅಜ್ಜಿ ಪಕ್ಕ" ಎಂದೆ. ಹಾಗೆಂದವನು ನಾನೇ.

ಅವನು ಹೋದ ಮೇಲೆ ಮಂಡಿಯೂರಿ ಟ್ಯಾಂಕಿನ ಮುಂದಿನ ನೆಲವನ್ನು ನೋಡತೊಡಗಿದೆ. ಟ್ಯಾಂಕಿನ ಪಕ್ಕದಲ್ಲಿ ಸೊಂಟದ ಎತ್ತರಕ್ಕೆ ಒಬ್ಬ ಮನುಷ್ಯ ನುಸುಳುವಷ್ಟು ದುಂಡು ಬಾಗಿಲು. ಅದರ ಕೆಳಗೆ ನೀರು ಹೋಗುವ ಕಾಲುವೆ, ಕಾಲುವೆಗೆ ಕಬ್ಬಿಣದ ಜಾಲರಿ. ನೆಲ ಮೂರು ಸಲ ತೊಳೆದ ಹಾಗಿತ್ತು. ಆದರೆ ಜಾಲರಿ ಎತ್ತಿ ಒಳಗೆ ಕೈಯಾಡಿಸುವಷ್ಟು ತಾಳ್ಮೆ ತೊಳೆದವರಿಗೆ ಇರಲಿಲ್ಲ. ಅರವತ್ತಮೂರು ವರ್ಷದ ನನ್ನ ಮಂಡಿ ಬೈಯುತ್ತಿದ್ದರೂ ಕೈಯಾಡಿಸಿದೆ.

ಬೆರಳಿಗೆ ತೆಳ್ಳನೆಯ ಗಾಜಿನ ಚೂರು ಸಿಕ್ಕಿತು. ಬಾಗಿದ ಗಾಜು. ಒಳಮೈಗೆ ಮಸಿ ಹಿಡಿದಿತ್ತು. ಮೂಸಿದೆ.

ಸೀಮೆಎಣ್ಣೆ.

ಚೂರನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಎದ್ದು ನಿಂತೆ. ಮನೋಹರ ದೀಪ ಇಳಿಸಿದ್ದ. ಯಾರೋ ಅದನ್ನು ಹೊರಗೆ ತೆಗೆದು, ಒಡೆದು, ಬಚ್ಚಿಟ್ಟು, ಅದರ ಜಾಗಕ್ಕೆ ಹೊಸದನ್ನು ನೇತುಹಾಕಿದ್ದಾರೆ.

ಹೊಸ ಲಾಟೀನಿನ ತಳವನ್ನು ಅಮರನ ಕಡೆ ತಿರುಗಿಸಿದೆ. ಅರ್ಧ ಕಿತ್ತ ಚೀಟಿಯಲ್ಲಿ ಮಂಡಿ ಮೊಹಲ್ಲಾ ಎಂಬುದು ಮಾತ್ರ ಉಳಿದಿತ್ತು.

"ಈ ಕಾಲದಲ್ಲಿ ಲಾಟೀನು ಮಾರೋ ಅಂಗಡಿ ಅಲ್ಲಿ ಎಷ್ಟಿರಬಹುದು ಅಮರ್? ಎರಡು? ಮೂರು? ನಿಮ್ಮ ಫೋಟೋ ತೋರಿಸಿದ್ರೆ ಹತ್ತು ನಿಮಿಷದ ಕೆಲಸ. ಬೇಕಾ, ನೀವೇ ಹೇಳ್ತೀರಾ?"

ಅವನು ತುಟಿ ಒದ್ದೆ ಮಾಡಿಕೊಂಡ. "ಸಾರ್, ನಾನು ಅವನನ್ನ ಏನೂ ಮಾಡಿಲ್ಲ."

"ಮಾಡಿದ್ರಿ ಅಂತ ನಾನಿನ್ನೂ ಅಂದಿಲ್ಲ. ಹಳೇ ಲಾಟೀನು ಎಲ್ಲಿ?"

ಅವನು ಹೊರಗೆ ನಡೆದ. ಓಡಿಹೋಗುತ್ತಾನೇನೋ ಎಂದು ಹಿಂದೆಯೇ ಹೋದೆ. ಕಾರಿನ ಡಿಕ್ಕಿ ತೆಗೆದ. ಸ್ಟೆಪ್ನಿಯ ಕೆಳಗೆ ಗೋಣಿಚೀಲ, ಅದರೊಳಗೆ ಲಾಟೀನು. ಗಾಜು ಒಡೆದಿತ್ತು. ಹಿಡಿಗೆ ತಾಮ್ರದ ತಂತಿ ಅಚ್ಚುಕಟ್ಟಾಗಿ ಸುತ್ತಿತ್ತು. ಲಾಟೀನನ್ನು ಚೀಲದ ಸಮೇತ ಎತ್ತಿಕೊಂಡೆ.

ಒಳಗೆ ಬಂದು ಕೂತೆವು. ಅವನ ತಲೆಯ ಮೇಲಿನ ಗೋಡೆಗೆ ಲೈಸೆನ್ಸು, ಅಗ್ನಿಶಾಮಕದವರ ಎನ್‌ಓಸಿ, ಎಲ್ಲಕ್ಕೂ ಕಟ್ಟು ಹಾಕಿಸಿ ಸಾಲಾಗಿ ತೂಗುಹಾಕಿದ್ದರು.

"ಹೇಳಿ."

"ಸೋಮವಾರ ಆರೂವರೆಗೆ ಬಂದೆ ಸಾರ್. ಮನೋಹರ ಐದಕ್ಕೇ ಬಂದಿದ್ದ. ಟ್ಯಾಂಕಿನ ಬಾಗಿಲು ತೆಗ್ದಿತ್ತು. ಕರೆದೆ, ಮಾತಿಲ್ಲ. ತಲೆ ಒಳಗೆ ಹಾಕಿ ನೋಡಿದೆ. ಗೋಡೆಗೆ ಒರಗಿ ಕೂತಿದ್ದ. ನಿದ್ದೆ ಮಾಡಿದಂಗೆ. ಒಳಕ್ಕೆ ಬಗ್ಗಿ ಕೆನ್ನೆ ತಟ್ಟಿದೆ. ಮೂಗಿನ ಹತ್ರ ಬೆರಳಿಟ್ಟೆ. ಉಸಿರಿರಲಿಲ್ಲ."

"ಆಂಬುಲೆನ್ಸ್?"

"ಕರೀಬೇಕಿತ್ತು. ಕರೀಲಿಲ್ಲ ಸಾರ್. ಲಾಟೀನು ಕಾಣಿಸ್ತು. ಎನ್‌ಓಸಿ ಕೊಡೋವಾಗ ಫೈರ್‌ನೋರು ಹೇಳಿದ್ರು, ಈ ರೂಮಲ್ಲಿ ಬೆಂಕಿಕಡ್ಡಿ ಕೂಡ ಗೀರಬಾರದು ಅಂತ. ನಾನು ಅವನಿಗೆ ಎಷ್ಟೋ ಸಲ ಹೇಳ್ದೆ, ಗ್ಯಾಸ್ ಮೀಟರ್ ತಂದ್ಕೊಡ್ತೀನಿ ಕಣೋ ಅಂತ. ಮೀಟರು ಕೆಡುತ್ತೆ, ಅಜ್ಜಿ ದೀಪ ಕೆಡಲ್ಲ ಅಂದ. ಅಲ್ಲಿ ಲಾಟೀನು ನೋಡಿದ್ರೆ ಎಲ್ಲಾ ಕ್ಯಾನ್ಸಲ್ ಮಾಡ್ತಾರೆ. ಭಾನುವಾರ ಓಪನಿಂಗ್. ನಾಲ್ಕು ವರ್ಷದ ಕೆಲಸ ಸಾರ್, ಅವನದೂ ಕೆಲಸ."

"ಹಾಗಾಗಿ ದೀಪ ತೆಗೆದ್ರಿ."

"ಸರಪಳಿ ಹಿಡಿದು ಎಳೆದೆ. ಬಾಗಿಲಿಗೆ ತಾಗಿ ಗಾಜು ಒಡೀತು, ಕೈ ಸುಟ್ಕೊಂಡೆ. ಮನೆಗೆ ಹೋಗ್ಬಿಟ್ಟೆ. ಆಮೇಲೆ ನಯನಾ ದೀಪ ಎಲ್ಲಿ ಅಂತ ಕೇಳ್ತಾಳೆ ಅನ್ನಿಸ್ತು. ಅಂಗಡಿ ತೆಗೆಸಿ ಹೊಸದು ತಂದು, ಪೊಲೀಸರು ಬರೋ ಹೊತ್ತಿಗೆ ನೇತುಹಾಕ್ದೆ."

ಅವನ ಕಪಾಳಕ್ಕೆ ಹೊಡೆಯಬೇಕು ಎನ್ನಿಸಿತು. ಗೆಳೆಯನ ಹೆಣವನ್ನು ಟ್ಯಾಂಕಿನಲ್ಲಿ ಬಿಟ್ಟು ಲಾಟೀನು ಕೊಳ್ಳಲು ಹೋದ ಮನುಷ್ಯ. ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಳ್ಳುತ್ತಿದ್ದಂತೆ ಅವನ ಮಾತೊಂದು ತಲೆಯೊಳಗೆ ನಿಧಾನಕ್ಕೆ ತಿರುಗಿ ನಿಂತಿತು.

"ಅಮರ್. ಕೈ ಹೇಗೆ ಸುಟ್ಟಿತು ಅಂದ್ರಿ?"

"ಲಾಟೀನಿಂದ ಸಾರ್."

"ಆರಿದ ಲಾಟೀನಿಂದಲಾ?"

ಅವನು ನನ್ನನ್ನು ಪೆದ್ದನನ್ನು ನೋಡುವ ಹಾಗೆ ನೋಡಿದ. "ಉರೀತಾ ಇತ್ತಲ್ಲ ಸಾರ್. ನಾನೇ ಊದಿ ಆರಿಸಿದ್ದು."

ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡೆ.

"ಎಲ್ಲಿತ್ತು ಅದು? ಸರಿಯಾಗಿ ಹೇಳಿ."

"ತಳದಲ್ಲಿ. ಅವನ ಕಾಲ ಹತ್ರ."

ಮೂವತ್ತೊಂದು ವರ್ಷದ ನೌಕರಿಯಲ್ಲಿ ಇಂಥ ಮಾತನ್ನು ನಾನು ಕೇಳಿರಲಿಲ್ಲ. ನಾನು ಹೇಳಿದ್ದು ನನ್ನ ಕಿವಿಗೇ ಬೇರೆ ಯಾರದೋ ದನಿಯಂತೆ ಕೇಳಿಸಿತು.

"ಅವನ ಕಾಲ ಹತ್ರ ದೀಪ ಉರೀತಿತ್ತು ಅಂದ್ರೆ ಅಲ್ಲಿ ಗಾಳಿ ಇತ್ತು ಕಣ್ರೀ. ಗ್ಯಾಸ್ ಇರಲಿಲ್ಲ. ನೀವೂ ತಲೆ ಹಾಕಿ ಬಗ್ಗಿದ್ರಿ, ನಿಮಗೇನಾದ್ರೂ ಆಯ್ತಾ?"

"ಇಲ್ಲ."

"ಮನೋಹರ ಗ್ಯಾಸಿಗೆ ಸಾಯಲಿಲ್ಲ."

ಅಮರನಿಗೆ ಅರ್ಥವಾಗುತ್ತಿರುವುದು ಮುಖದ ಮೇಲೆಯೇ ಕಾಣುತ್ತಿತ್ತು. ಗೆಳೆಯ ಅಜಾಗರೂಕನಲ್ಲ ಎಂದು ಸಾರಿ ಹೇಳುವ ಒಂದೇ ಒಂದು ಸಾಕ್ಷಿ ಆ ದೀಪ. ಲೈಸೆನ್ಸ್ ಉಳಿಸಲು ಹೋಗಿ ಅದನ್ನು ಊದಿ ಆರಿಸಿ, ಸ್ಟೆಪ್ನಿಯ ಕೆಳಗೆ ಇಟ್ಟುಕೊಂಡು ಮೂರು ದಿನ ಊರೆಲ್ಲ ತಿರುಗಿದ್ದಾನೆ. ಬ್ಯಾಂಡೇಜಿನ ಕೈಯಿಂದ ಮುಖ ಮುಚ್ಚಿಕೊಂಡು ಅಳತೊಡಗಿದ. ಸಮಾಧಾನ ಹೇಳಲು ನನಗೆ ಮನಸ್ಸಾಗಲಿಲ್ಲ.

"ಅವತ್ತು ಹತ್ತು ಗಂಟೆಗೆ ಫೈರ್‌ನೋರು ಬಂದು ಟ್ಯಾಂಕಿಗೆ ಗ್ಯಾಸ್ ಮೀಟರು ಇಟ್ಟಾಗ ಕೂಗಿಕೊಂಡಿತಲ್ಲ. ಆ ಗ್ಯಾಸ್ ಎಲ್ಲಿಂದ ಬಂತು?"

ಅವನು ಗೋಡೆಯ ಕಡೆ ಕೈ ತೋರಿಸಿದ. ಬಿಯರಿಗೆ ತುಂಬುವ ಅದೇ ಗ್ಯಾಸಿನ ಸಿಲಿಂಡರಿನಿಂದ ಟ್ಯಾಂಕಿಗೆ ಹೋಗುವ ಕೊಳವೆ, ಅದಕ್ಕೊಂದು ನೀಲಿ ತಿರುಗಣೆ. "ಅದನ್ನ ತಿರುಗಿಸಿದ್ರೆ ಹತ್ತು ನಿಮಿಷದಲ್ಲಿ ತಳ ತುಂಬುತ್ತೆ."

"ನೀವು ಹೋದ ಮೇಲೆ ಯಾರೋ ತಿರುಗಿಸಿದ್ದಾರೆ. ಹೋಗುವಾಗ ಬೀಗ ಹಾಕಿದ್ರಾ?"

"ಹಾಕಿದ್ದೆ. ಬೀಗದಕೈ ಇರೋದು ಮೂರು ಜನರ ಹತ್ರ. ನಾನು, ಅವನು, ಮರಿಸ್ವಾಮಿ."

"ಮರಿಸ್ವಾಮಿ ಅವತ್ತು ಒಂಬತ್ತಕ್ಕೆ ಬಂದೆ ಅಂತ ಹೇಳಿಕೆ ಕೊಟ್ಟಿದ್ದಾರೆ."

ಅಮರ್ ಕಣ್ಣೊರೆಸಿಕೊಂಡು ತಲೆ ಎತ್ತಿದ. "ಒಂಬತ್ತಕ್ಕಾ? ಅವನು ದಿನಾ ಏಳಕ್ಕೇ ಬರೋದು ಸಾರ್. ಎರಡು ವರ್ಷದಿಂದ ಒಂದು ದಿನ ತಪ್ಪಿಲ್ಲ."

ಗೋಣಿಚೀಲದ ಮೇಲಿದ್ದ ಲಾಟೀನನ್ನು ನೋಡುತ್ತ ಕೂತೆ. ಒಂದು ಕಡೆ ಎದೆ ಹಗುರಾಗುತ್ತಿತ್ತು. ಇವತ್ತು ಸಂಜೆ ಐದಕ್ಕೆ ಪ್ರೀತಿ ಸ್ವಂತ ಅಜಾಗರೂಕತೆ ಎಂದು ಬರೆಯುವಂತಿಲ್ಲ. ನಿಮ್ಮ ಮೊಮ್ಮಗ ದೀಪ ಇಳಿಸಿಯೇ ಇಳಿದಿದ್ದ ಎಂದು ಬೆಟ್ಟಮ್ಮನಿಗೆ ನಾನೇ ಹೋಗಿ ಹೇಳಬಹುದು. ಇನ್ನೊಂದು ಕಡೆ ಒಂದು ಪ್ರಶ್ನೆ ಉಳಿದಿತ್ತು. ಗ್ಯಾಸಲ್ಲ ಎಂದಾದರೆ ಮೂವತ್ತಮೂರು ವರ್ಷದ ಗಟ್ಟಿಮುಟ್ಟಾದ ಆಳು ಒಂದು ಗಾಯವಿಲ್ಲದೆ ನಿದ್ದೆ ಬಂದವನಂತೆ ಕೂತು ಸತ್ತದ್ದು ಹೇಗೆ?

"ಅಮರ್, ಅವನು ಬೆಳಗ್ಗೆ ಬಂದು ಕೆಲಸ ಶುರು ಮಾಡೋ ಮುಂಚೆ ಏನು ತಿಂತಿದ್ದ?"

"ಏನೂ ಇಲ್ಲ ಸಾರ್. ಹೊಸ ಬಿಯರ್ ತಯಾರಾದ ದಿನ ಮಾತ್ರ ಒಂದು ಲೋಟ ಹಿಡಿದು ರುಚಿ ನೋಡೋನು. ಸೋಮವಾರಾನೂ ಹೊಸದೇ ಇತ್ತು. ಹಿಂದಿನ ದಿನ ಮರಿಸ್ವಾಮಿನೇ ಚಿಕ್ಕ ಟ್ಯಾಂಕಿಗೆ ಇಳಿಸಿಟ್ಟಿದ್ದ."

"ಒಂದು ಲೋಟ ಅವನಿಗೆ."

"ಹೂಂ. ಆಮೇಲೆ ಒಂದು ಚೊಂಬು..."

ಅವನು ಮಾತು ಮುಗಿಸುವ ಮುಂಚೆಯೇ ನಾನು ಎದ್ದಿದ್ದೆ. ಕುರ್ಚಿ ಹಿಂದಕ್ಕೆ ಬಿತ್ತು. ವಿಷ ಆ ಬಿಯರಿನಲ್ಲೇ ಇದ್ದಿರಬೇಕು.

ಮೊದಲ ಚೊಂಬು ಅಜ್ಜಿಗೆ. ಕ್ಯಾನಿನ ಕಾಲದಿಂದಲೂ ಅದೇ ನಿಯಮ. ಅಜ್ಜಿಯ ನಾಲಿಗೆಗೆ ಬೀಳದೆ ಅವನ ಬಿಯರ್ ಯಾರ ಲೋಟಕ್ಕೂ ಹೋಗುತ್ತಿರಲಿಲ್ಲ. ಅದೇ ಚೊಂಬು ಫ್ರಿಜ್ಜಿನಲ್ಲಿದೆ ಎಂದು ಈಗ ತಾನೆ ಬೆಟ್ಟಮ್ಮ ಹೇಳಿದ್ದಳು. ಸ್ಪೀಕರಿನಲ್ಲಿ. ಮರಿಸ್ವಾಮಿ ನಾಲ್ಕು ಅಡಿ ದೂರದಲ್ಲಿ ಉಕ್ಕು ಒರೆಸುತ್ತಿದ್ದಾಗ. ಕೈ ಮುಗಿದು ಬರುತ್ತೇನೆ ಎಂದವನನ್ನು ಹೊಗಳಿ ಕಳಿಸಿದವನು ನಾನು.

ನಯನಾಳ ಫೋನು ಆರು ಸಲ ಬಡಿದುಕೊಂಡಿತು. ಏಳನೆಯದಕ್ಕೆ ಎತ್ತಿದಳು.

"ನಯನಾ, ಆ ಚೊಂಬು ಎಲ್ಲಿ?"

"ಚೊಂಬಾ ಸಾರ್? ಮರಿಸ್ವಾಮಣ್ಣ ಬಂದ್ರು. ಎಡೆ ಮುಂದೆ ನಾನೇ ಇಡ್ತೀನಿ ಅಂತ ಎತ್ಕೊಂಡ್ರು, ಕೈ ಜಾರಿ ಎಲ್ಲಾ ಚೆಲ್ಲೋಯ್ತು. ಪಾಪ, ಅಳ್ತಾ ನೆಲ ಒರೆಸ್ತಿದಾರೆ."

ಸಾಕ್ಷಿ ಮೋರಿ ಸೇರಿತು. ಸೇರಿದರೆ ಸೇರಲಿ, ಚೆಲ್ಲಿತಲ್ಲ ಎಂದುಕೊಂಡೆ.

"ಹಾಗಾದ್ರೆ ಯಾರೂ ಕುಡೀಲಿಲ್ಲ ತಾನೆ?"

"ಅಜ್ಜಿ ಕುಡಿದ್ರು ಸಾರ್. ಎಡೆಗೆ ಮುಂಚೆ ಮುಟ್ಟಬಾರದು ಅಂದೆ, ಕೇಳಲಿಲ್ಲ. ನಾನು ರುಚಿ ನೋಡ್ದೆ ನನ್ ಕೂಸು ಯಾವತ್ತು ಯಾರ್ಗೂ ಕೊಟ್ಟವನಲ್ಲ ಅಂತ ಒಂದು ಲೋಟ ಬಗ್ಗಿಸ್ಕೊಂಡ್ರು. ನಿಮ್ಮ ಜೊತೆ ಮಾತಾಡಿ ಫೋನ್ ಇಟ್ರಲ್ಲ, ಆಗಲೇ."

ಗಡಿಯಾರ ನೋಡಿದೆ. ಆ ಫೋನು ಇಟ್ಟು ಮುಕ್ಕಾಲು ಗಂಟೆಯಾಗಿತ್ತು.

"ಈಗ ಎಲ್ಲಿದ್ದಾರೆ ಅಜ್ಜಿ?"

"ಇಲ್ಲೇ ಇದಾರೆ ಸಾರ್. ಗೋಡೆಗೆ ಒರಗಿ ಕೂತಿದಾರೆ. ನಿದ್ದೆ ಬಂದಿರಬೇಕು."

ಗೋಡೆಗೆ ಒರಗಿ. ನಿದ್ದೆ ಮಾಡಿದ ಹಾಗೆ. ಪಕ್ಕದಲ್ಲಿದ್ದ ಅಮರ್ ನನ್ನ ತೋಳು ಹಿಡಿದುಕೊಂಡ.

"ಎಬ್ಬಿಸಮ್ಮ. ಈಗಲೇ ಎಬ್ಬಿಸು."

ಸ್ಪೀಕರಿನಲ್ಲಿ ನಯನಾಳ ಬಳೆ ಸದ್ದಾಯಿತು. "ಅಜ್ಜಿ. ಅಜ್ಜಿ, ಸಾರ್ ಫೋನು." ಮತ್ತೆ, ಇನ್ನೂ ಹತ್ತಿರದಿಂದ, "ಅಜ್ಜಿ?"

ಅಲ್ಲಿಯ ತನಕ ಹಿಂದೆ ಒಂದೇ ಸಮನೆ ಕೇಳಿಸುತ್ತಿದ್ದ ನೆಲ ಒರೆಸುವ ಸದ್ದು ನಿಂತಿತು.